ಅಂಗಡಿಯ ಚಿಟ್ಟೆ, ಅಂಗಳದ ಚಿಟ್ಟೆ

ಬೋಧನಾಭ್ಯಾಸದ ಅವಲೋಕನ ಪತ್ರದಲ್ಲಿ ‘ಬೋಧನೋಪಕರಣಗಳ ಬಳಕೆ’ ಎಂಬ ಒಂದು ಸಾಲಿದೆ. ಆ ಸಾಲಿನ ಮುಂದೆ ಒಳ್ಳೆಯ ಅಂಕ ಬೀಳಲೆಂದು ನಾವು ಪ್ರಶಿಕ್ಷಣಾರ್ಥಿಗಳು ಪಡುವ ಪಾಡು ಈ ಪತ್ರಿಕೆಯ ಓದುಗರಿಗೆ ಹೊಸದೇನಲ್ಲ. ಪಾಠದ ಹಿಂದಿನ ಸಂಜೆ ಸ್ಟೇಷನರಿ ಅಂಗಡಿಗೆ ಹೋಗಿ ಸಿದ್ಧ ಚಾರ್ಟ್ ಕೊಳ್ಳುತ್ತೇವೆ. ಸಿಗದಿದ್ದರೆ ಅಂತರಜಾಲದಿಂದ ಚಿತ್ರ ಇಳಿಸಿ, ಬಣ್ಣದಲ್ಲಿ ಮುದ್ರಿಸಿ, ಡ್ರಾಯಿಂಗ್ ಶೀಟಿಗೆ ಅಂಟಿಸುತ್ತೇವೆ. ‘ಚಿಟ್ಟೆಯ ಜೀವನ ಚಕ್ರ’ ಎಂಬ ಪಾಠಾಂಶಕ್ಕೆ ನಮ್ಮ ತಂಡದವರು ತಯಾರಿಸಿದ್ದ ಚಾರ್ಟುಗಳನ್ನು ಒಮ್ಮೆ ಮೇಜಿನ ಮೇಲೆ ಹರಡಿ ನೋಡಿದೆ. ಬಹುಪಾಲು ಚಾರ್ಟುಗಳಲ್ಲಿ ಇದ್ದದ್ದು ಒಂದೇ ಚಿಟ್ಟೆ. ಕಿತ್ತಳೆ ರೆಕ್ಕೆ, ಅದರ ಮೇಲೆ ನರಗಳಂತೆ ಹರಡಿದ ಕಪ್ಪು ಗೆರೆಗಳು, ಕಪ್ಪು ಅಂಚಿನಲ್ಲಿ ಬಿಳಿ ಚುಕ್ಕೆ. ಅದು ಮೊನಾರ್ಕ್, ಉತ್ತರ ಅಮೆರಿಕದ ಚಿಟ್ಟೆ. ನಾವು ಪಾಠ ಮಾಡಿದ ಶಾಲೆಗಳ ಯಾವ ಮಗುವೂ ಅದನ್ನು ತನ್ನ ಊರಿನಲ್ಲಿ ಕಂಡಿರಲು ಸಾಧ್ಯವಿಲ್ಲ.

ಅದೇ ಶಾಲೆಗಳ ಕಾಂಪೌಂಡಿನ ಹೊರಗೆ ಎಕ್ಕದ ಗಿಡಗಳಿದ್ದವು. ಎಕ್ಕದ ಎಲೆಯ ಅಡಿಯಲ್ಲಿ ಪ್ಲೇನ್ ಟೈಗರ್ ಚಿಟ್ಟೆಯ ಮೊಟ್ಟೆ, ಎಲೆಯ ಅಂಚಿನಲ್ಲಿ ಬಿಳಿ, ಕಪ್ಪು, ಹಳದಿ ಪಟ್ಟೆಯ ಹುಳು, ಅಲ್ಲೇ ಎಲ್ಲೋ ತಲೆಕೆಳಗಾಗಿ ನೇತಾಡುವ ಕೋಶ. ಜೀವನ ಚಕ್ರದ ನಾಲ್ಕೂ ಹಂತಗಳು ಒಂದೇ ಗಿಡದಲ್ಲಿ, ಬಿಡಿಗಾಸಿನ ಖರ್ಚಿಲ್ಲದೆ. ಆ ಗಿಡಕ್ಕೆ ಬೆನ್ನು ತಿರುಗಿಸಿ ನಾವು ಅಂಗಡಿಯ ಚಿಟ್ಟೆಯನ್ನು ಗೋಡೆಗೆ ತೂಗುಹಾಕಿ ಪಾಠ ಮಾಡಿ ಬಂದೆವು.

ಈ ಲೇಖನದಲ್ಲಿ ನನ್ನ ವಾದ ಇಷ್ಟೇ. ಚಿಟ್ಟೆ ಮತ್ತು ಪತಂಗಗಳ ಪಾಠಕ್ಕೆ ಸಿದ್ಧ ಚಾರ್ಟನ್ನು ಬಿಟ್ಟು, ಸ್ಥಳೀಯ ಕೀಟವನ್ನು ನೋಡಿ ಜಲವರ್ಣದಲ್ಲಿ ಬಿಡಿಸುವ ಕೆಲಸವನ್ನು ಬೋಧನಾಭ್ಯಾಸದ ಭಾಗವಾಗಿಸಬೇಕು. ಮೊದಲು ನಾವು ಬಿಡಿಸಬೇಕು, ನಂತರ ಮಕ್ಕಳಿಂದ ಬಿಡಿಸಬೇಕು. ಆ ಚಿತ್ರಕ್ಕೆ ಅಂಕ ಕೊಡುವಾಗ ಅಂದಚೆಂದ ನೋಡದೆ ವೀಕ್ಷಣೆಯನ್ನು ನೋಡಬೇಕು. ಅಂದರೆ ಅದನ್ನು ಚಿತ್ರಕಲೆಯ ಪಿರಿಯಡ್ಡಿಗೆ ತಳ್ಳದೆ ವಿಜ್ಞಾನದ ಪ್ರಾಯೋಗಿಕ ದಾಖಲೆ ಎಂದೇ ಪರಿಗಣಿಸಬೇಕು.

ಸಿದ್ಧ ಚಾರ್ಟಿನ ತೊಂದರೆ

ಚಾರ್ಟು ಪರದೇಶದ್ದು ಎಂಬುದೊಂದೇ ನನ್ನ ತಕರಾರಲ್ಲ. ಹುಲಿಯ ಪಾಠಕ್ಕೆ ಹುಲಿಯನ್ನು, ಪೆಂಗ್ವಿನ್ ಪಾಠಕ್ಕೆ ಪೆಂಗ್ವಿನ್ನನ್ನು ಯಾರೂ ತರಗತಿಗೆ ತರಲಾರರು. ಅಲ್ಲಿ ಮುದ್ರಿತ ಚಿತ್ರ ಬೇಕು. ಚಿಟ್ಟೆಯ ವಿಷಯ ಹಾಗಲ್ಲ, ಅದು ಕಿಟಕಿಯಾಚೆಗೇ ಇದೆ. ಕಣ್ಣೆದುರು ಇರುವುದನ್ನು ನೋಡದೆ ಅದರ ಬದಲಿಗೆ ಮುದ್ರಿತ ಚಿತ್ರವನ್ನು ನೋಡಿ ಕಲಿಯಬೇಕು ಎಂದು ಮಗುವಿಗೆ ಹೇಳಿಕೊಡುವುದು ವಿಜ್ಞಾನದ ಪಾಠದಲ್ಲಿ ಸಣ್ಣ ಸಂಗತಿಯಲ್ಲ.

ಇನ್ನು ಚಾರ್ಟಿನೊಳಗಿನ ಚಿತ್ರವನ್ನು ನೋಡೋಣ. ಚಿಟ್ಟೆಯ ನಾಲ್ಕೂ ರೆಕ್ಕೆಗಳು ಚಪ್ಪಟೆಯಾಗಿ ಹರಡಿರುತ್ತವೆ. ಮುಂದಿನ ರೆಕ್ಕೆಗಳ ಕೆಳಅಂಚು ದೇಹಕ್ಕೆ ಲಂಬವಾಗಿರುತ್ತದೆ. ಇದು ವಸ್ತುಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿಟ್ಟ ಸತ್ತ ಚಿಟ್ಟೆಯ ಭಂಗಿ. ರೆಕ್ಕೆಯ ಗುರುತುಗಳು ಪೂರ್ತಿ ಕಾಣಲೆಂದು ಸಂಗ್ರಾಹಕರು ಮಾಡಿಕೊಂಡ ಏರ್ಪಾಡು ಅದು. ಅವರ ಕೆಲಸಕ್ಕೆ ಅದು ಸರಿ. ಆದರೆ ಹೂವಿನ ಮೇಲೆ ಕೂತ ಚಿಟ್ಟೆಯನ್ನು ಬಿಡಿಸು ಎಂದಾಗಲೂ ಮಕ್ಕಳು ಅದೇ ಭಂಗಿಯನ್ನು ಬಿಡಿಸುತ್ತಾರೆ. ವಿಶ್ರಾಂತಿಯಲ್ಲಿರುವ ಬಹುತೇಕ ಚಿಟ್ಟೆಗಳು ರೆಕ್ಕೆಗಳನ್ನು ಬೆನ್ನಿನ ಮೇಲೆ ಜೋಡಿಸಿ ಮಡಚಿಕೊಳ್ಳುತ್ತವೆ ಎಂಬುದನ್ನು ನಿತ್ಯ ನೋಡಿದ ಮಗುವೂ ಕಾಗದದ ಮೇಲೆ ಅದನ್ನು ಮರೆತುಬಿಡುತ್ತದೆ.

ಕೋಶದ ವಿಷಯದಲ್ಲೂ ಇದೇ ಗೊಂದಲ. ರೇಷ್ಮೆಗೂಡಿನಂಥ ಗೂಡಿನಿಂದ ಚಿಟ್ಟೆ ಹೊರಬರುವ ಚಿತ್ರಗಳನ್ನು ನಾನು ಮಕ್ಕಳ ನೋಟ್‌ಬುಕ್ಕುಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ನೂಲು ಸುತ್ತಿ ಗೂಡು ಕಟ್ಟುವುದು ಹಲವು ಪತಂಗಗಳ ಪದ್ಧತಿ. ಚಿಟ್ಟೆಗಳ ಕೋಶ ಸಾಮಾನ್ಯವಾಗಿ ಬರಿಮೈಯದು. ಪ್ಲೇನ್ ಟೈಗರಿನದು ಎಲೆಗೋ ಕಡ್ಡಿಗೋ ಬಾಲದ ತುದಿಯಿಂದ ನೇತುಬಿದ್ದಿರುತ್ತದೆ. ನಿಂಬೆ ಚಿಟ್ಟೆಯದು ಸೊಂಟಕ್ಕೆ ಒಂದೆಳೆ ನೂಲನ್ನು ಕಟ್ಟಿಕೊಂಡು ಕಡ್ಡಿಗೆ ಒರಗಿರುತ್ತದೆ. ಈ ವ್ಯತ್ಯಾಸವನ್ನು ಹತ್ತು ಸಲ ಬಾಯಲ್ಲಿ ಹೇಳುವುದಕ್ಕಿಂತ ಒಮ್ಮೆ ಬಿಡಿಸಿದರೆ ಮಗುವಿನ ಮನಸ್ಸಿನಲ್ಲಿ ನಿಲ್ಲುತ್ತದೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ ಚಾರ್ಟಿನಲ್ಲಿ ಗಿಡವೇ ಇರುವುದಿಲ್ಲ. ಬಾಣದ ಗುರುತಿನಿಂದ ಮೊಟ್ಟೆ ಹುಳುವಾಗುತ್ತದೆ, ಹುಳು ಕೋಶವಾಗುತ್ತದೆ. ಆ ಹುಳು ತಿಂದದ್ದೇನು, ಬೇರೆ ಎಲೆ ಕೊಟ್ಟರೆ ಅದು ಬದುಕುತ್ತದೆಯೇ ಎಂಬ ಪ್ರಶ್ನೆಗಳು ಆ ಬಾಣಗಳ ನಡುವೆ ಹುಟ್ಟುವುದೇ ಇಲ್ಲ.

ಬಿಡಿಸುವುದೂ ಒಂದು ಶೋಧನೆ

ಗಿಡ, ಹುಳು, ಕೋಶ, ಚಿಟ್ಟೆ ಎಲ್ಲವನ್ನೂ ಒಂದೇ ಹಾಳೆಯ ಮೇಲೆ ತಂದ ಕೀರ್ತಿ ಮುಖ್ಯವಾಗಿ ಜರ್ಮನಿಯಲ್ಲಿ ಹುಟ್ಟಿದ ಮರಿಯಾ ಸಿಬಿಲ್ಲಾ ಮೆರಿಯಾನ್ ಎಂಬ ಮಹಿಳೆಗೆ ಸಲ್ಲುತ್ತದೆ. ಆಕೆ 1647ರಲ್ಲಿ ಹುಟ್ಟಿದವಳು. ಹುಡುಗಿಯಾಗಿದ್ದಾಗಲೇ ರೇಷ್ಮೆ ಹುಳು ಸಾಕಿ ನೋಡಿದವಳು. ಹುಳುಗಳನ್ನು ಮನೆಯಲ್ಲಿ ಸಾಕಿ, ದಿನದಿನದ ಬದಲಾವಣೆ ಬರೆದಿಟ್ಟು, 1679ರಲ್ಲಿ ತನ್ನ ಮೊದಲ ಹುಳುಗಳ ಪುಸ್ತಕ ತಂದಳು. 1699ರಲ್ಲಿ, ಐವತ್ತು ದಾಟಿದ ಮೇಲೆ, ಮಗಳೊಡನೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದಳು. ಅಲ್ಲಿನ ಕೀಟಗಳ ರೂಪಪರಿವರ್ತನೆಯ ಪುಸ್ತಕ 1705ರಲ್ಲಿ ಹೊರಬಂತು. ಕೀಟಗಳು ಕೊಳೆತ ಪದಾರ್ಥದಿಂದ ತಾವಾಗಿಯೇ ಹುಟ್ಟುತ್ತವೆ ಎಂಬ ನಂಬಿಕೆ ಇನ್ನೂ ಉಳಿದಿದ್ದ ಕಾಲದಲ್ಲಿ, ಇಂಥ ಮೊಟ್ಟೆಯಿಂದ ಇಂಥ ಹುಳು, ಇಂಥ ಹುಳುವಿಗೆ ಇಂಥ ಗಿಡ ಎಂದು ಆಕೆಯ ಜಲವರ್ಣ ಚಿತ್ರಗಳು ತೋರಿಸಿದವು. ಆ ಚಿತ್ರಗಳು ಪುಸ್ತಕದ ಅಲಂಕಾರವಾಗಿರಲಿಲ್ಲ. ಆಕೆ ಕಂಡದ್ದಕ್ಕೆ ಅವೇ ಸಾಕ್ಷಿ.

ನಮ್ಮ ರಾಜ್ಯಕ್ಕೂ ಇಂಥ ಒಂದು ಪರಂಪರೆ ಇದೆ. ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಡೇವಿಡ್‌ಸನ್, ಬೆಲ್, ಐಟ್ಕನ್ ಎಂಬ ಮೂವರು ಅಧಿಕಾರಿಗಳು ಬಿಡುವಿನ ವೇಳೆಯಲ್ಲಿ ಅಲ್ಲಿನ ಚಿಟ್ಟೆಗಳ ಹಿಂದೆ ಬಿದ್ದರು. ರೆಕ್ಕೆ ಹಿಡಿದು ಹೆಸರಿಡುವುದಷ್ಟಕ್ಕೆ ನಿಲ್ಲದೆ ಹುಳುಗಳನ್ನು ಸಾಕಿ, ಅವು ತಿನ್ನುವ ಗಿಡಗಳನ್ನು ಗುರುತಿಸಿ, 1890ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರಲ್ಲಿ ಅರಣ್ಯ ಇಲಾಖೆಯ ಟಿ. ಆರ್. ಬೆಲ್ ಕಾರವಾರದಲ್ಲೇ ನೆಲೆಸಿದರು. ಭಾರತದ ಹಾಕ್ ಮಾತ್ ಪತಂಗಗಳ ಬಗ್ಗೆ ಸ್ಕಾಟ್ ಎಂಬವರೊಡನೆ ಅವರು ಬರೆದ ಸಂಪುಟ 1937ರಲ್ಲಿ ಬಂತು. ಯಾವ ಹುಳು ಯಾವ ಗಿಡವನ್ನು ತಿನ್ನುತ್ತದೆ ಎಂಬ ಇಂದಿನ ನಮ್ಮ ತಿಳಿವಳಿಕೆಯಲ್ಲಿ ಕಾರವಾರದ ಕಾಡಂಚಿನಲ್ಲಿ ಹುಳು ಸಾಕಿ ನೋಡಿದ ಆ ದಿನಗಳ ಪಾಲೂ ಇದೆ. ಕರಾವಳಿಯ ಶಾಲೆಯೊಂದರಲ್ಲಿ ಪಾಠ ಮಾಡುವ ನಮ್ಮ ಸಹಪಾಠಿಗಳು ಮಕ್ಕಳಿಗೆ ಇದನ್ನು ಹೇಳಿದರೆ, ವಿಜ್ಞಾನ ಎಂದರೆ ದೂರದ ಪ್ರಯೋಗಾಲಯದಲ್ಲಿ ನಡೆಯುವ ಕೆಲಸ ಎಂಬ ಭಾವನೆ ಸ್ವಲ್ಪವಾದರೂ ಕರಗೀತು.

ನಾಲ್ಕು ಕಾಲಿನ ಚಿಟ್ಟೆ

ಕಳೆದ ಬೋಧನಾಭ್ಯಾಸದಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. 8ನೇ ತರಗತಿಯ ಮಕ್ಕಳನ್ನು ಎಕ್ಕದ ಗಿಡದ ಬಳಿ ಕೂರಿಸಿ, ಕಂಡದ್ದನ್ನು ಕಂಡ ಹಾಗೆ ಬಿಡಿಸಲು ಹೇಳಿದ್ದೆ. ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಆದ್ದರಿಂದ ಎಲೆ ಕೀಳುವ ಕೆಲಸ ನನ್ನದೇ ಎಂದು ಮೊದಲೇ ಎಚ್ಚರಿಸಿದ್ದೆ. ಒಬ್ಬ ಹುಡುಗಿ ಹೂವಿನ ಮೇಲೆ ಕೂತ ಪ್ಲೇನ್ ಟೈಗರನ್ನು ಬಿಡಿಸಿ, ಅದಕ್ಕೆ ನಾಲ್ಕೇ ಕಾಲು ಹಾಕಿದಳು. ಪಕ್ಕದ ಹುಡುಗ ತರಗತಿಯ ಗೋಡೆಯಲ್ಲಿದ್ದ ಚಾರ್ಟಿನ ನೆನಪಿನಿಂದ ಆರು ಕಾಲು ಹಾಕಿದ. ಉಳಿದವರು ನಕ್ಕರು. ಕೀಟಕ್ಕೆ ಆರು ಕಾಲು ಎಂದು ಐದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಅಂದು ಪಾಠ ವೀಕ್ಷಿಸಿದವರು ಷರಾದಲ್ಲಿ ‘ಚಿತ್ರದಲ್ಲಿ ದೋಷವಿದೆ, ತಿದ್ದಿಸಬೇಕಿತ್ತು’ ಎಂದು ಬರೆದರು. ಹುಡುಗಿಯೂ ಮರುದಿನದ ಹೊತ್ತಿಗೆ ಇನ್ನೆರಡು ಕಾಲು ಸೇರಿಸಿಕೊಂಡು ಬಂದಿದ್ದಳು.

ನಾವು ಒಂದು ಹುಳುವನ್ನು ಡಬ್ಬಿಯಲ್ಲಿ ಸಾಕುತ್ತಿದ್ದೆವು. ಡಬ್ಬಿಯ ಬಾಯಿಗೆ ಸೊಳ್ಳೆಪರದೆಯ ಬಟ್ಟೆ, ಒಳಗೆ ದಿನವೂ ಹೊಸ ಎಕ್ಕದ ಎಲೆ. ಅದು ಕೋಶವಾಗಿ, ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ಚಿಟ್ಟೆಯಾಗಿ ಹೊರಬಂತು. ಆಗತಾನೇ ಹೊರಬಂದ ಚಿಟ್ಟೆ ಕೂಡಲೇ ಹಾರಲಾರದು. ರೆಕ್ಕೆ ಬಿಚ್ಚಿ ಒಣಗುವವರೆಗೆ ತನ್ನ ಖಾಲಿ ಸಿಪ್ಪೆಗೇ ಜೋತುಬಿದ್ದಿರುತ್ತದೆ. ಭೂತಗನ್ನಡಿ ಹಿಡಿದು ನೋಡಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಮಕ್ಕಳು ಸರದಿಯಲ್ಲಿ ನೋಡಿದರು. ಸಿಪ್ಪೆಯನ್ನು ಹಿಡಿದಿದ್ದದ್ದು ನಾಲ್ಕೇ ಕಾಲು. ತಲೆಯ ಕೆಳಗೆ, ಎದೆಗೆ ಒತ್ತಿಕೊಂಡು, ಮುದುಡಿದ ಎರಡು ಪುಟ್ಟ ಕಾಲುಗಳು.

ಪ್ಲೇನ್ ಟೈಗರ್ ಸೇರಿರುವ ಕುಟುಂಬದ ಚಿಟ್ಟೆಗಳಲ್ಲಿ ಮುಂದಿನ ಜೋಡಿ ಕಾಲು ನಡೆಯಲು ಬಳಕೆಯಾಗುವುದಿಲ್ಲ, ಕುಗ್ಗಿ ಕುಂಚದಂತಾಗಿರುತ್ತದೆ. ಆದ್ದರಿಂದಲೇ ಇಂಗ್ಲಿಷಿನಲ್ಲಿ ಈ ಕುಟುಂಬಕ್ಕೆ ಕುಂಚಪಾದದ ಚಿಟ್ಟೆಗಳು ಎಂಬರ್ಥದ ಹೆಸರಿದೆ. ನಿಂಬೆ ಚಿಟ್ಟೆಯ ಕುಟುಂಬದಲ್ಲಿ ಆರೂ ಕಾಲು ಕೆಲಸ ಮಾಡುತ್ತವೆ. ಅಂದರೆ ಹುಡುಗಿ ಕಂಡದ್ದು ನಿಜ, ಹುಡುಗ ಕಲಿತದ್ದೂ ನಿಜ. ಎರಡನ್ನೂ ಕೂಡಿಸುವ ವಿವರಣೆ ಮಾತ್ರ ಚಾರ್ಟಿನಲ್ಲಿ ಇರಲಿಲ್ಲ.

‘ಮಿಸ್, ಆ ಎರಡು ಕಾಲು ಅಳಿಸ್ಲಾ, ಇರ್ಲಾ?’ ಎಂದು ಆಕೆ ಕೇಳಿದಳು. ಅಳಿಸಬೇಡ, ಇನ್ನೊಂದು ಚಿತ್ರ ಬರೆ, ಈ ದಿನದ ತಾರೀಖು ಹಾಕು, ಮೊದಲಿನದೂ ಪಕ್ಕದಲ್ಲೇ ಇರಲಿ ಎಂದೆ. ಎರಡನೆಯ ಚಿತ್ರದಲ್ಲಿ ಎದೆಯ ಭಾಗವನ್ನು ಮಾತ್ರ ದೊಡ್ಡದಾಗಿ ಬಿಡಿಸಿ, ಮುದುಡಿದ ಕಾಲುಗಳನ್ನು ತೋರಿಸಿ, ‘ಇವು ಯಾಕೆ?’ ಎಂದು ಬರೆದಳು. ಆದರೆ ಆ ಘಟಕದ ಚಟುವಟಿಕೆಯ ಅಂಕ ಅಷ್ಟರಲ್ಲಿ ನಮೂದಾಗಿತ್ತು. ಚಾರ್ಟ್ ನಕಲು ಮಾಡಿದ ಚೊಕ್ಕಟ ಚಿತ್ರಗಳಿಗೆ ಹೆಚ್ಚು, ಆಕೆಯದಕ್ಕೆ ಕಡಿಮೆ. ಅದನ್ನು ಬದಲಿಸುವ ಅಧಿಕಾರ ಪ್ರಶಿಕ್ಷಣಾರ್ಥಿಗೆ ಇರುವುದಿಲ್ಲ. ನಾನು ಈ ಲೇಖನ ಬರೆಯಲು ಕಾರಣ ಆ ಅಂಕಗಳೇ. ಕಣ್ಣಾರೆ ನೋಡಿ ಬಿಡಿಸಿದರೆ ಅಂಕ ಹೋಗುತ್ತದೆ, ನಕಲು ಮಾಡಿದರೆ ಬರುತ್ತದೆ ಎಂದು ನಮ್ಮ ಮೌಲ್ಯಮಾಪನವೇ ಹದಿಮೂರು ವರ್ಷದ ಮಗುವಿಗೆ ಹೇಳಿಕೊಟ್ಟರೆ, ಮುಂದೆ ಆ ಮಗು ಪ್ರಯೋಗಾಲಯದಲ್ಲಿ ಬಂದ ಫಲಿತಾಂಶವನ್ನು ಬಿಟ್ಟು ಪುಸ್ತಕದ ಫಲಿತಾಂಶ ಬರೆಯುವುದರಲ್ಲಿ ಆಶ್ಚರ್ಯವೇನಿದೆ?

ಜಲವರ್ಣವೇ ಏಕೆ?

ಸ್ಕೆಚ್ ಪೆನ್, ಕ್ರೇಯಾನ್ ಇರುವಾಗ ಜಲವರ್ಣದ ಗೊಡವೆ ಏಕೆ ಎಂದು ಗೆಳೆಯರು ಕೇಳುತ್ತಾರೆ. ಸ್ಕೆಚ್ ಪೆನ್ನಿನಲ್ಲಿ ಕಿತ್ತಳೆ ಎಂದರೆ ಕಿತ್ತಳೆ, ಹಸಿರು ಎಂದರೆ ಹಸಿರು. ಕಂಪನಿ ಮಾಡಿಟ್ಟ ಬಣ್ಣವೇ ಚಿಟ್ಟೆಯ ಬಣ್ಣವಾಗಿಬಿಡುತ್ತದೆ. ಜಲವರ್ಣದಲ್ಲಿ ಮಗು ಬಣ್ಣ ಕಲಸಬೇಕು. ಕಲಸುವ ಮೊದಲು ನೋಡಬೇಕು. ಪ್ಲೇನ್ ಟೈಗರಿನ ಮುಂದಿನ ರೆಕ್ಕೆಯ ಕಿತ್ತಳೆ ಹಿಂದಿನ ರೆಕ್ಕೆಯ ಕಿತ್ತಳೆಗಿಂತ ಸ್ವಲ್ಪ ಗಾಢವೇ? ಹಳದಿಗೆ ಎಷ್ಟು ಕೆಂಪು ಸೇರಿಸಿದರೆ ಅದು ಬರುತ್ತದೆ? ಹಾಳೆಯ ಅಂಚಿನಲ್ಲಿ ಸಣ್ಣ ಸಣ್ಣ ಚೌಕಗಳಲ್ಲಿ ಬಣ್ಣ ಹಚ್ಚಿ ತಾಳೆ ನೋಡುವ ಅಭ್ಯಾಸ ಮಾಡಿಸಿದರೆ ಮಗು ಒಂದೇ ರೆಕ್ಕೆಯನ್ನು ಹಲವು ಸಲ ನೋಡುತ್ತದೆ. ವೀಕ್ಷಣೆ ಎಂದು ಪಾಠಯೋಜನೆಯಲ್ಲಿ ನಾವು ಬರೆಯುವ ಪದ ನಿಜವಾಗಿ ನಡೆಯುವುದು ಆಗ.

ಜಲವರ್ಣ ಪಾರದರ್ಶಕ. ತಿಳಿಯಿಂದ ಗಾಢಕ್ಕೆ, ಒಂದು ಪದರ ಒಣಗಿದ ಮೇಲೆ ಇನ್ನೊಂದು ಪದರ ಹಚ್ಚುತ್ತ ಹೋಗಬೇಕು. ಬಿಳಿ ಬೇಕಾದಲ್ಲಿ ಬಣ್ಣ ಹಚ್ಚದೆ ಕಾಗದವನ್ನೇ ಬಿಡಬೇಕು. ಪ್ಲೇನ್ ಟೈಗರಿನ ರೆಕ್ಕೆಯ ತುದಿಯಲ್ಲಿರುವ ಬಿಳಿ ಮಚ್ಚೆಗಳನ್ನು ಮೊದಲೇ ಎಣಿಸಿ ಗುರುತು ಮಾಡಿಕೊಳ್ಳದಿದ್ದರೆ ಕಪ್ಪು ಹಚ್ಚಿದ ಮೇಲೆ ಅವು ಮರಳಿ ಬರುವುದಿಲ್ಲ. ಆದ್ದರಿಂದ ಎಣಿಕೆ ಮೊದಲು, ಬಣ್ಣ ಆಮೇಲೆ.

ಈ ಎಣಿಕೆ ಎಷ್ಟು ದೂರ ಕರೆದೊಯ್ಯುತ್ತದೆ ನೋಡಿ. ಪ್ಲೇನ್ ಟೈಗರಿನ ಹಿಂದಿನ ರೆಕ್ಕೆಯ ನಡುವೆ ಹೆಣ್ಣಿಗೆ ಮೂರು ಕಪ್ಪು ಚುಕ್ಕೆ, ಗಂಡಿಗೆ ನಾಲ್ಕು. ಆ ನಾಲ್ಕನೆಯದು ಗಂಡಿನ ಗಂಧ ಸೂಸುವ ಮಚ್ಚೆ. ಇನ್ನು ಡನೈಡ್ ಎಗ್‌ಫ್ಲೈ ಎಂಬ ಬೇರೆಯೇ ಚಿಟ್ಟೆಯ ಹೆಣ್ಣು ನೋಡಲು ಥೇಟ್ ಪ್ಲೇನ್ ಟೈಗರಿನಂತೆ ಇರುತ್ತದೆ. ಪ್ಲೇನ್ ಟೈಗರ್ ಹಕ್ಕಿಗಳ ಬಾಯಿಗೆ ರುಚಿಸದ ಚಿಟ್ಟೆ, ಅದರ ವೇಷ ತೊಟ್ಟರೆ ತಾನೂ ಬದುಕಬಹುದು ಎಂಬ ಲೆಕ್ಕ. ಆದರೆ ಅದರ ಹಿಂದಿನ ರೆಕ್ಕೆಯ ನಡುವೆ ಆ ಚುಕ್ಕೆಗಳ ಗುಂಪಿಲ್ಲ. ಗಂಡು ಎಗ್‌ಫ್ಲೈಯಂತೂ ಪೂರ್ತಿ ಬೇರೆ, ಕಪ್ಪು ರೆಕ್ಕೆಯ ಮೇಲೆ ದೊಡ್ಡ ಬಿಳಿ ಮಚ್ಚೆಗಳು. ಹಾಗೆಯೇ ಕರಿಬೇವಿನ ಗಿಡದಲ್ಲಿ ಬೆಳೆಯುವ ಕಾಮನ್ ಮಾರ್ಮನ್ ಚಿಟ್ಟೆಯ ಹೆಣ್ಣಿನ ಒಂದು ರೂಪ ಕಾಮನ್ ರೋಸ್ ಚಿಟ್ಟೆಯನ್ನು ಅನುಕರಿಸುತ್ತದೆ. ರೋಸಿನ ಮೈ ಕೆಂಪು, ಮಾರ್ಮನ್ನಿನ ಮೈ ಕಪ್ಪು. ಅನುಕರಣೆ, ಹೊಂದಾಣಿಕೆ, ನೈಸರ್ಗಿಕ ಆಯ್ಕೆ ಎಂದು ಮುಂದೆ ಹೇಳಿಕೊಡಬೇಕಾದ ಪರಿಕಲ್ಪನೆಗಳೆಲ್ಲ ಈ ಮೂರು ಚುಕ್ಕೆ, ಒಂದು ಕೆಂಪು ಮೈಯಲ್ಲಿ ಅಡಗಿವೆ. ಬಿಡಿಸಿದ ಮಗುವಿಗೆ ಅವು ಕಣ್ಣಿಗೆ ಬಿದ್ದಿರುತ್ತವೆ.

ಬಣ್ಣ ಸೋಲುವ ಜಾಗವೂ ಪಾಠವೇ. ಕಣಗಿಲೆ ಗಿಡದಲ್ಲಿ ಸಿಗುವ ಕಾಮನ್ ಕ್ರೋ ಚಿಟ್ಟೆಯ ಕೋಶ ಬೆಳ್ಳಿಯ ಪಾತ್ರೆಯಂತೆ ಹೊಳೆಯುತ್ತದೆ. ಬಣ್ಣದ ಪೆಟ್ಟಿಗೆಯಲ್ಲಿ ಆ ಬೆಳ್ಳಿ ಇಲ್ಲ. ಸೂಕ್ಷ್ಮವಾಗಿ ನೋಡಿದರೆ ಕೋಶದ ಮೇಲೆ ಕಾಣುವುದು ಸುತ್ತಲಿನ ಎಲೆಯ ಹಸಿರು, ಆಕಾಶದ ತಿಳಿನೀಲಿ, ನೋಡುವವರ ಅಂಗಿಯ ಬಣ್ಣ. ಆ ಹೊಳಪು ಬರುವುದು ಕೋಶದ ಹೊದಿಕೆಯ ತೆಳು ಪದರಗಳು ಬೆಳಕನ್ನು ಪ್ರತಿಫಲಿಸುವುದರಿಂದ. ಜೀವಶಾಸ್ತ್ರದ ಪಾಠ ಇಲ್ಲಿ ತಾನಾಗಿಯೇ ಬೆಳಕಿನ ಪಾಠಕ್ಕೆ ದಾಟುತ್ತದೆ.

ಪತಂಗಗಳನ್ನು ಮರೆಯಬಾರದು

ಚಿಟ್ಟೆ ಒಂದೆಡೆ ನಿಲ್ಲುವುದಿಲ್ಲ, ಮಕ್ಕಳು ಹೇಗೆ ಬಿಡಿಸುತ್ತಾರೆ ಎಂಬುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಪತಂಗ. ರಾತ್ರಿ ಶಾಲೆಯ ಜಗಲಿಯ ದೀಪ ಉರಿಯುತ್ತಿದ್ದರೆ ಬೆಳಿಗ್ಗೆ ಗೋಡೆಯ ಮೇಲೆ ಕೆಲವಾದರೂ ಪತಂಗಗಳು ಅಲುಗಾಡದೆ ಕೂತಿರುತ್ತವೆ. ಕಲಿಯುವವರಿಗೆ ಇದಕ್ಕಿಂತ ತಾಳ್ಮೆಯ ಮಾದರಿ ಸಿಗದು. ಚಿಟ್ಟೆಯ ಕುಡಿಮೀಸೆಯ ತುದಿ ಗುಂಡಾಗಿ ದಪ್ಪಗಿರುತ್ತದೆ, ಪತಂಗದ್ದು ಹೆಚ್ಚಾಗಿ ದಾರದಂತೆಯೋ ಗರಿಯಂತೆಯೋ ಇರುತ್ತದೆ ಎಂಬುದನ್ನು ಆ ಗೋಡೆಯ ಮುಂದೆ ನಿಂತು ಬಿಡಿಸಬಹುದು. ಪತಂಗ ಎಂದರೆ ಬೂದು ಬಣ್ಣದ ಕಳಪೆ ಚಿಟ್ಟೆ ಎಂಬ ತಾತ್ಸಾರವೂ ಆಗ ಹೋಗುತ್ತದೆ. ಕಣಗಿಲೆಯಲ್ಲೇ ಬೆಳೆಯುವ ಓಲಿಯಾಂಡರ್ ಹಾಕ್ ಮಾತ್ ಪತಂಗದ ಹಸಿರಿನ ಛಾಯೆಗಳನ್ನು ಕಲಸಲು ಹೊರಟರೆ ಒಂದು ಪಿರಿಯಡ್ ಸಾಲದು.

ನಮ್ಮ ಮಕ್ಕಳು ಪಾಠದಲ್ಲಿ ಓದುವ ಪತಂಗ ಬಹುಮಟ್ಟಿಗೆ ಒಂದೇ, ರೇಷ್ಮೆಯದು. ರಾಮನಗರದಂಥ ರೇಷ್ಮೆಯ ಊರುಗಳಿರುವ ರಾಜ್ಯದಲ್ಲಿ ಅದನ್ನು ಕಲಿಸಲೇಬೇಕು. ಆದರೆ ಹಿಪ್ಪುನೇರಳೆ ತಿನ್ನುವ ಆ ಪತಂಗ ಚೀನಾದಲ್ಲಿ ಸಾವಿರಾರು ವರ್ಷಗಳ ಹಿಂದೆ ಪಳಗಿದ್ದು, ಈಗ ಅದು ಹಾರಲೂ ಆರದು. ಕಾಡಿನಲ್ಲಿ ಮತ್ತಿ ಮರದ ಎಲೆ ತಿಂದು ಗಟ್ಟಿ ಗೂಡು ಕಟ್ಟುವ ಟಸ್ಸಾರ್ ಪತಂಗ ನಮ್ಮ ನೆಲದ್ದು. ಎರಡರ ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಅಳತೆಗೆ ಸರಿಯಾಗಿ ಬಿಡಿಸಿದರೆ, ಮನುಷ್ಯರ ಸಾಕಣೆ ಒಂದು ಜೀವಿಯನ್ನು ಎಷ್ಟು ಬದಲಿಸುತ್ತದೆ ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ.

ಕೆಲವು ಆಕ್ಷೇಪಗಳು

ಮೊದಲನೆಯದು ಸಮಯ. 40 ನಿಮಿಷದ ಪಿರಿಯಡ್ಡಿನಲ್ಲಿ ಐದು ಹಂತಗಳ ಪಾಠಯೋಜನೆಯೇ ಮುಗಿಯುವುದಿಲ್ಲ, ಇನ್ನು ಬಣ್ಣ ಒಣಗುವುದನ್ನು ಕಾಯುವುದೆಲ್ಲಿ ಎನ್ನುತ್ತಾರೆ. ಒಂದೇ ದಿನದಲ್ಲಿ ಮುಗಿಸಬೇಕೆಂದರೆ ಅದು ನಿಜ. ಆದರೆ ಜೀವನ ಚಕ್ರವೂ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಪಾಠದ ಆರಂಭದಲ್ಲಿ 10 ನಿಮಿಷ ಮೀಸಲಿಟ್ಟು, ಹುಳುವಿನ ಉದ್ದ ಅಳೆದು, ಒಂದು ಸಣ್ಣ ಚಿತ್ರ ಹಾಕಿಸಿದರೆ ಮೂರು ವಾರಗಳಲ್ಲಿ ಒಂದು ಹಾಳೆ ತುಂಬುತ್ತದೆ. ಉದ್ದದ ಅಳತೆಗಳಿಂದ ನಕ್ಷೆಯನ್ನೂ ಎಳೆಸಬಹುದು, ಗಣಿತದ ಗೆಳೆಯರಿಗೂ ಉಪಯೋಗ.

ಎರಡನೆಯದು, ಎಲ್ಲರಿಗೂ ಚಿತ್ರ ಬರುವುದಿಲ್ಲ ಎಂಬುದು. ಇದು ಮಕ್ಕಳಿಗಿಂತ ನಮ್ಮ ಮಾತು. ವೈಜ್ಞಾನಿಕ ಚಿತ್ರಕ್ಕೆ ಬೇಕಾದದ್ದರಲ್ಲಿ ಬಹುಪಾಲು ಅಳತೆ ಮತ್ತು ಎಣಿಕೆ. ರೆಕ್ಕೆಯ ಒಂದು ಬದಿಯನ್ನು ಟ್ರೇಸಿಂಗ್ ಕಾಗದದ ಮೇಲೆ ಬಿಡಿಸಿ, ಮಗುಚಿ ಇನ್ನೊಂದು ಬದಿಗೆ ಇಳಿಸಿದರೆ ಸಮಮಿತಿ ತಾನಾಗಿ ಬರುತ್ತದೆ. ಪಕ್ಕದಲ್ಲಿ 10 ಮಿಲಿಮೀಟರಿನ ಗೆರೆ ಎಳೆದು ಪ್ರಮಾಣ ತೋರಿಸಬಹುದು. ರೇಖಾಗಣಿತದ ಪೆಟ್ಟಿಗೆ ಬಳಸಬಲ್ಲವರು ಇದನ್ನೂ ಮಾಡಬಲ್ಲರು.

ಮೂರನೆಯದು, ಮೊಬೈಲಿನಲ್ಲಿ ಫೋಟೊ ತೆಗೆದರೆ ಸಾಲದೇ ಎಂಬುದು. ಫೋಟೊ ಬೇಡ ಎನ್ನಲಾರೆ. ಹಾರಿಹೋಗುವ ಚಿಟ್ಟೆಯ ಚುಕ್ಕೆ ಎಣಿಸಲು ಅದು ದೊಡ್ಡ ಸಹಾಯ. ಆದರೆ ಫೋಟೊ ತೆಗೆಯಲು ನೋಡಲೇಬೇಕೆಂದಿಲ್ಲ. ನಾಲ್ಕು ಕಾಲಿನ ಚಿಟ್ಟೆಯ ಫೋಟೊ ಎಷ್ಟು ಜನರ ಫೋನಿನಲ್ಲಿದ್ದರೂ ಅವರು ಕಾಲು ಎಣಿಸಿರುವುದಿಲ್ಲ. ಬಿಡಿಸುವ ಕೈ ಪ್ರತಿ ಕಾಲಿನ ಬಳಿಯೂ ನಿಂತು, ಇದೆಯೇ ಇಲ್ಲವೇ ಎಂದು ತೀರ್ಮಾನಿಸಲೇಬೇಕು.

ಖರ್ಚಿನ ಮಾತೂ ಬರುತ್ತದೆ. ಒಂದು ಕೇಕ್ ಬಣ್ಣದ ಪೆಟ್ಟಿಗೆಯನ್ನು ನಾಲ್ಕೈದು ಮಕ್ಕಳ ಗುಂಪು ಹಂಚಿಕೊಳ್ಳಬಹುದು. ಸಣ್ಣದೊಂದು, ದೊಡ್ಡದೊಂದು ಬ್ರಷ್, ಸ್ವಲ್ಪ ದಪ್ಪನೆಯ ಡ್ರಾಯಿಂಗ್ ಹಾಳೆ ಇದ್ದರಾಯಿತು. ಪ್ರತಿ ಪಾಠಕ್ಕೂ ನಾವು ಮುದ್ರಿಸಿ ಲ್ಯಾಮಿನೇಟ್ ಮಾಡಿಸುವ ಚಾರ್ಟಿಗೆ ತಗಲುವ ಹಣದ ಮುಂದೆ ಇದು ಹೆಚ್ಚಲ್ಲ. ಇದರಲ್ಲಿ ಯಾವ ಜೀವಿಯನ್ನೂ ಕೊಲ್ಲಬೇಕಿಲ್ಲ ಎಂಬುದು ಇನ್ನೊಂದು ಲಾಭ. ಹಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕೀಟ ಹಿಡಿದು ಸೂಜಿ ಚುಚ್ಚುವ ಹಳೆಯ ಸಂಗ್ರಹ ಚಟುವಟಿಕೆಗೆ ಬಣ್ಣದ ಹಾಳೆ ಒಳ್ಳೆಯ ಬದಲಿ.

ನನ್ನ ಸಲಹೆಗಳು

ನಮ್ಮ ಗುರುಗಳ ಮುಂದೆ ಮೂರು ಕೋರಿಕೆ ಇಡುತ್ತೇನೆ. ಒಂದು, ಬೋಧನಾಭ್ಯಾಸಕ್ಕೆ ಹೋಗುವ ಮೊದಲು ಪ್ರತಿ ಜೀವವಿಜ್ಞಾನದ ಪ್ರಶಿಕ್ಷಣಾರ್ಥಿಯೂ ತಾನು ಪಾಠ ಮಾಡುವ ಶಾಲೆಯ ಸುತ್ತ ಸಿಗುವ ಒಂದು ಚಿಟ್ಟೆ ಅಥವಾ ಪತಂಗವನ್ನು, ಅದರ ಆಹಾರದ ಗಿಡದೊಂದಿಗೆ, ನೋಡಿ ಬಿಡಿಸಿದ ಒಂದು ಹಾಳೆಯನ್ನು ಸಿದ್ಧಪಡಿಸಲಿ. ಎಕ್ಕ, ಕರಿಬೇವು, ನಿಂಬೆ, ಕಣಗಿಲೆ, ಹರಳು, ಈ ಐದರಲ್ಲಿ ಒಂದಾದರೂ ಇಲ್ಲದ ಶಾಲೆಯ ಆಸುಪಾಸು ವಿರಳ.

ಎರಡು, ಅವಲೋಕನ ಪತ್ರದಲ್ಲಿ ಬೋಧನೋಪಕರಣಗಳ ಸಾಲಿನ ಜೊತೆಗೆ ‘ಸ್ಥಳೀಯ ವಸ್ತುವಿನ ನೇರ ವೀಕ್ಷಣೆ’ ಎಂದು ಇನ್ನೊಂದು ಸಾಲು ಸೇರಲಿ. ಸಾಲು ಬದಲಾದರೆ ಹಿಂದಿನ ಸಂಜೆ ನಾವು ಓಡುವ ದಿಕ್ಕೂ ಬದಲಾಗುತ್ತದೆ.

ಮೂರು, ಮಕ್ಕಳ ಚಿತ್ರಕ್ಕೆ 10 ಅಂಕಗಳ ಅಳತೆಗೋಲು ಹೀಗಿರಲಿ. ದಿನಾಂಕ, ಸ್ಥಳ ಮತ್ತು ಗಿಡದ ಹೆಸರಿಗೆ 2. ಅಳತೆ ಮತ್ತು ಪ್ರಮಾಣಕ್ಕೆ 2. ಕಾಲು, ಚುಕ್ಕೆ, ಪಟ್ಟೆಗಳ ಎಣಿಕೆಗೆ 2. ಬಣ್ಣ ತಾಳೆ ನೋಡಿದ ಗುರುತಿಗೆ 2. ಕಾಣದ ಭಾಗವನ್ನು ಊಹಿಸಿ ತುಂಬದೆ ಖಾಲಿ ಬಿಟ್ಟು, ಪಕ್ಕದಲ್ಲಿ ಪ್ರಶ್ನೆ ಬರೆದಿದ್ದರೆ 2. ಚೆಂದಕ್ಕೆ ಅಂಕ ಬೇಡ. ಚೆಂದದ ಚಿತ್ರವನ್ನು ಗೋಡೆಗೆ ಹಾಕಿ ಹೊಗಳೋಣ, ಅದಕ್ಕೆ ಯಾರ ತಕರಾರೂ ಇಲ್ಲ.

ಈ ಅಳತೆಗೋಲಿನಲ್ಲಿ ಆ ಹುಡುಗಿಯ ಎರಡು ಚಿತ್ರಗಳಿಗೂ ಎಷ್ಟು ಅಂಕ ಬರುತ್ತಿತ್ತು ಎಂದು ಓದುಗರೇ ಲೆಕ್ಕ ಹಾಕಬಹುದು. ಮುಂಗಾರು ಹಿಡಿದು ಗಿಡಗಳು ಚಿಗುರಿದಾಗ ಹುಳುಗಳೂ ಹೆಚ್ಚುತ್ತವೆ. ಮುಂದಿನ ತಂಡದ ಬೋಧನಾಭ್ಯಾಸ ಶುರುವಾಗುವ ಮೊದಲು ಈ ಅಳತೆಗೋಲನ್ನು ಒಂದು ಶಾಲೆಯಲ್ಲಾದರೂ ಪ್ರಯೋಗಿಸಿ, ಏನು ಸರಿಹೋಯಿತು, ಏನು ಹೋಗಲಿಲ್ಲ ಎಂಬುದನ್ನು ಇದೇ ಪತ್ರಿಕೆಯಲ್ಲಿ ಚರ್ಚಿಸೋಣ ಎಂದು ಕೋರುತ್ತೇನೆ.